ಕೊಡಚಿಹಾಳದ ನಾಡಿಗಂಬ

ಶಾಸಕರ ಎಡಗೈಗೆ ಕಡಗ ತೊಡಿಸುವ ಕಾಯಿದೆ ಬಂದ ಮೇಲೆ ನಡೆದ ಸಂಗತಿ ಇದು.

ಅದಕ್ಕೆ ಮುಂಚೆ ಊರಿನ ಸಂಕಟ ಸದನಕ್ಕೆ ಮುಟ್ಟಬೇಕಾದರೆ ಬೆಳಗಾಗುವುದರೊಳಗೆ ಹೋಗಿ ಶಾಸಕರ ಮನೆಯ ಕಟ್ಟೆಯ ಮೇಲೆ ಕೂಡಬೇಕಿತ್ತು. ಅವರು ಒಂದು ಮದುವೆಗೆ ಹೋಗಿರುತ್ತಿದ್ದರು, ಇಲ್ಲವೆ ಸತ್ತವರ ಮಣ್ಣಿಗೆ ಹೋಗಿರುತ್ತಿದ್ದರು. ಸಿಕ್ಕರೂ ಒಂದು ಕಿವಿ ಎದುರಿಗಿದ್ದವರಿಗೆ, ಇನ್ನೊಂದು ಕಿವಿ ಫೋನಿಗೆ. ಸದನಕ್ಕೆ ಹೋದ ಮೇಲಂತೂ ಪಕ್ಷ ಕೈ ಎತ್ತು ಎಂದರೆ ಎತ್ತುವುದು, ಇಳಿಸು ಎಂದರೆ ಇಳಿಸುವುದು. ಊರು ಎಲ್ಲೋ, ಕೈ ಎಲ್ಲೋ. ಇದನ್ನು ನೋಡಿ ನೋಡಿ ಬೇಸತ್ತ ಜನರೇ ಹಟ ಹಿಡಿದು ಆ ಕಾಯಿದೆ ತರಿಸಿದ್ದರು.

ಊರೂರಿಗೆ ಒಂದೊಂದು ನಾಡಿಗಂಬ ನೆಟ್ಟರು. ಎದೆಮಟ್ಟದ ಕಂಬ, ಅದರ ತಲೆಯ ಮೇಲೆ ಅಂಗೈ ಅಗಲದ ಬೂದುಬಣ್ಣದ ಬಿಲ್ಲೆ. ಸದನದ ಮುಂದೆ ಮಸೂದೆ ಬಂತೆಂದರೆ ಕಂಬವೇ ಅದನ್ನು ಆ ಸೀಮೆಯ ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಿತ್ತು. ಕೇಳಿದವರು ಬಿಲ್ಲೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರಾಯಿತು. ಅಂಗೈಯ ಬೆವರು, ಬಿಸಿ, ನಡುಕ, ನಾಡಿಯ ಓಟ, ಇಷ್ಟನ್ನು ಕಂಬ ಹಿಡಿದುಕೊಳ್ಳುತ್ತಿತ್ತು. ಯಾರ ಕೈ, ಯಾವ ಕುಲದ ಕೈ ಎಂದು ಅದು ಕೇಳುತ್ತಿರಲಿಲ್ಲ. ಇಡೀ ಕ್ಷೇತ್ರದ ಕೈಗಳೆಲ್ಲ ಕೂಡಿ ಒಂದೇ ನಾಡಿಯಾಗಿ ಶಾಸಕರ ಕಡಗಕ್ಕೆ ಬರುತ್ತಿತ್ತು. ಜನ ನೆಮ್ಮದಿಯಾಗಿದ್ದರೆ ಕಡಗ ಬೆಚ್ಚಗೆ, ಸಡಿಲವಾಗಿ ಇರುತ್ತಿತ್ತು. ಕಂಗಾಲಾಗಿದ್ದರೆ ತಣ್ಣಗಾಗಿ ಮಣಿಕಟ್ಟನ್ನು ಬಿಗಿಯುತ್ತಿತ್ತು. ಮತ ಹಾಕುವಾಗ ಅದನ್ನು ಬಿಚ್ಚುವಂತಿರಲಿಲ್ಲ.

ಪಕ್ಷಗಳು ಸುಮ್ಮನೆ ಕೂಡುತ್ತವೆಯೆ? ತಿಂಗಳು ತುಂಬುವುದರೊಳಗೆ ಜರಡಿ ಕಂಡುಹಿಡಿದವು. ಯಾವ ಊರಲ್ಲಿ ತಮಗೆ ಮತ ಹೆಚ್ಚು ಬಿದ್ದವೋ ಆ ಊರ ಕಂಬಗಳನ್ನಷ್ಟೇ ತಮ್ಮ ಶಾಸಕರ ಕಡಗಕ್ಕೆ ಬಿಡುವುದು, ಉಳಿದವನ್ನು ಸೋಸಿ ತೆಗೆಯುವುದು. ಕಾಯಿದೆಯಲ್ಲಿ ಅದಕ್ಕೊಂದು ಸಂದು ಇತ್ತು. ವೈರಿಗಳ ಸಿಟ್ಟು ನಮ್ಮ ಕೈಗೆ ಯಾಕೆ ಎಂದರು. ತೊಟ್ಟಿಲು ಗುರುತಿನವರೂ ಹಾಗೇ ಮಾಡಿದರು, ಗುದ್ದಲಿ ಗುರುತಿನವರೂ ಹಾಗೇ ಮಾಡಿದರು. ಆಮೇಲೆ ಶಾಸಕರೆಲ್ಲ ಬೆಚ್ಚನೆಯ ಕಡಗ ತೊಟ್ಟು ನಗುನಗುತ್ತ ಓಡಾಡಿದರು.

ಕಸ್ತೂರೆವ್ವ ನಾಟೀಕಾರ ಅವರ ಕಡಗ ಎಲ್ಲರದಕ್ಕಿಂತ ಬೆಚ್ಚಗಿತ್ತು.

ಕಸ್ತೂರೆವ್ವ ಹಿನ್ನೀರಿನ ದಂಡೆಯ ಹಿರೇತೊರೆ ಕ್ಷೇತ್ರದ ಶಾಸಕಿ. ತೊಟ್ಟಿಲು ಪಕ್ಷದವರು. ಮೊದಲು ಕೊಡಚಿಹಾಳದಲ್ಲಿ ಅಂಗನವಾಡಿ ನಡೆಸುತ್ತಿದ್ದರು. ಹಿನ್ನೀರು ಏರಿ ಹಳೆಯ ಊರು ಮುಳುಗಿದಾಗ ಜನರನ್ನು ದಿಬ್ಬಕ್ಕೆ ಹತ್ತಿಸಿ, ಗುಡಿಸಲು ಹಾಕಿಸಿ, ಕೂಸುಗಳಿಗೆ ಗಂಜಿ ಕಾಯಿಸಿದವರು ಅವರೇ. ಆ ನೆನಪಿಗೆ ಹೆಣ್ಣುಮಕ್ಕಳೆಲ್ಲ ಸೇರಿ ಅವರನ್ನು ಪಂಚಾಯ್ತಿಗೆ ಆರಿಸಿದರು. ಆಮೇಲೆ ಪಕ್ಷದ ಹಿರಿಯರಾದ ಮಲಕಾಜಪ್ಪ ದೇಸಾಯರು ಕರೆದು ಟಿಕೆಟ್ ಕೊಟ್ಟರು. ಗುದ್ದಲಿ ಗುರುತಿನ ಬೂದಿಕೊಪ್ಪದ ಪರುತಗೌಡನನ್ನು ಸೋಲಿಸಿ ಕಸ್ತೂರೆವ್ವ ಸದನಕ್ಕೆ ಬಂದಿದ್ದರು.

ಆ ಚಳಿಗಾಲದ ಅಧಿವೇಶನದಲ್ಲಿ ಲಾಂಚಿನ ಮಸೂದೆ ಬಂತು. ಜನ ಕಡಿಮೆ ಹತ್ತುವ ಲಾಂಚುಗಳನ್ನು ನಿಲ್ಲಿಸಿ, ಆ ಊರವರು ರಸ್ತೆ ಸುತ್ತಿ ಬರಲಿ ಎಂಬುದು ಅದರ ತಿರುಳು. ಕೊಡಚಿಹಾಳದ ಲಾಂಚೂ ಅದರಲ್ಲಿತ್ತು. ಲಾಂಚಿನಲ್ಲಿ ಆಚೆ ದಂಡೆಯ ತಾಲೂಕು ದವಾಖಾನೆ ಒಂದು ಚಹಾ ಕುಡಿಯುವಷ್ಟು ಹೊತ್ತಿನ ದಾರಿ. ರಸ್ತೆಯಲ್ಲಿ ಹೋದರೆ ಹಿನ್ನೀರನ್ನೆಲ್ಲ ಬಳಸಿ ಅರ್ಧ ದಿನ. ಕಸ್ತೂರೆವ್ವ ಮಸೂದೆಯನ್ನು ಎರಡು ಸಲ ಓದಿದರು. ಕಡಗ ಮುಟ್ಟಿ ನೋಡಿಕೊಂಡರು. ಬೆಚ್ಚಗಿತ್ತು. ಊರವರಿಗೆ ಬೇಡವಾದರೆ ಇದು ಹೇಳದೆ ಇರುತ್ತದೆಯೆ, ಹೊಸ ರಸ್ತೆ ಅವರಿಗೆ ಒಗ್ಗಿರಬೇಕು ಎಂದುಕೊಂಡರು. ಆದರೂ ಮನಸ್ಸು ಒಪ್ಪಲಿಲ್ಲ.

ಅದೇ ಹೊತ್ತಿಗೆ ಸೌಧದ ನೆಲಮಾಳಿಗೆಯಿಂದ ಕರೆ ಬಂತು. ಅಲ್ಲಿ ನಾಡಿಕೋಣೆ ಇತ್ತು. ಗೋಡೆಯ ಮೇಲೆ ಕ್ಷೇತ್ರಗಳ ನಕಾಶೆ, ಊರಿಗೊಂದು ದೀಪ. ಹಿರೇತೊರೆಯ ದೀಪಗಳನ್ನು ನೋಡಿಕೊಳ್ಳುತ್ತಿದ್ದವರು ರಜಿಯಾ ಬಾಗವಾನ ಎಂಬ ಎಂಜಿನಿಯರು.

"ಮೇಡಂ, ಕೂಡ್ರಿ. ನಿಮ್ಮ ಊರುಗಳದು ಒಂದು ಚಮತ್ಕಾರ ಐತ್ರಿ," ಎಂದರು ರಜಿಯಾ. "ಕಂಬ ಮುಟ್ಟೋರು ರಾಜ್ಯದಾಗ ಎಲ್ಲಾರಕಿಂತ ನಿಮ್ಮ ಕೊಡಚಿಹಾಳದಾಗ ಜಾಸ್ತಿ. ಆದ್ರ ಒಂದು ಕೈಯೂ ನಡುಗಂಗಿಲ್ಲ, ಒಂದು ಕೈಯೂ ಬೆವರಂಗಿಲ್ಲ."

"ನಮ್ಮ ಮಂದಿ ಗಟ್ಟಿ ಜೀವದವರು."

"ಎಷ್ಟು ಗಟ್ಟಿ ಇದ್ರೂ ಮನಷ್ಯಾರಲ್ಲೇನ್ರಿ? ಮದುವಿ ಮನ್ಯಾಗೂ ಇಷ್ಟು ಸಮಾಧಾನ ಇರಂಗಿಲ್ಲ. ಕಂಬ ಕೆಟ್ಟಿರಬೇಕಂತ ಇಲ್ಲಿಂದನ ತಪಾಸ ಮಾಡಿದೆ. ಕೆಟ್ಟಿಲ್ಲ. ಕೈ ಇಟ್ಟಿದ್ದು ಅದಕ್ಕ ಗೊತ್ತಾಗ್ತೈತಿ. ಕೈಯಾಗ ಏನೈತಿ ಅನ್ನೂದು ಮಾತ್ರ ಗೊತ್ತಾಗವಲ್ದು."

ಕಸ್ತೂರೆವ್ವ ಜರಡಿಯ ಆಚೆ ಇದ್ದ ಮಸುಕು ದೀಪಗಳ ಕಡೆ ನೋಡಿದರು. ಬೂದಿಕೊಪ್ಪ, ಅದರ ಸುತ್ತಲ ಊರುಗಳು.

"ಪರುತಗೌಡನ ಕಡೆ ಊರಾಗ ಹೆಂಗೈತಿ?"

"ಜರಡಿ ಆಚೆದ್ದನ್ನ ನಾ ಹೇಳೂ ಹಂಗಿಲ್ರಿ ಮೇಡಂ. ನೌಕರಿ ಹೋಗ್ತೈತಿ." ರಜಿಯಾ ದನಿ ತಗ್ಗಿಸಿ ಹೇಳಿದರು. "ಸೋಮವಾರ ಮತ ಐತಿ. ನಡುವ ಒಂದು ಐತವಾರ ಐತಿ. ಊರಿಗೆ ಹೋಗಿ ಬರ್ರಿ."

ಭಾನುವಾರ ಬೆಳಗಿನ ಲಾಂಚಿಗೆ ಕಸ್ತೂರೆವ್ವ ಹತ್ತಿದರು. ಅವರು ಹತ್ತುವ ಮುಂಚೆ ಒಳಗೆ ಏನೋ ಜೋರು ಮಾತು ನಡೆದಿತ್ತು. ಅವರನ್ನು ಕಂಡದ್ದೇ ತಡ, ಎಲ್ಲರೂ ಬಾಯಿ ಮುಚ್ಚಿ ನಗುಮುಖ ಮಾಡಿದರು.

"ಅಕ್ಕಾರು ಬಂದ್ರು, ಜಾಗಾ ಬಿಡ್ರೋ."

"ಆರಾಮ ಅದೀರೇನ್ರಿ ಅಕ್ಕಾರ? ಸೊರಗೀರಿ. ಸೌಧದಾಗ ರೊಟ್ಟಿ ಸಿಗಂಗಿಲ್ಲೇನು?"

"ನೀವೆಲ್ಲಾ ಹೆಂಗದೀರಿ?"

"ನಮಗೇನಾಗೇತ್ರಿ! ಆರಾಮ ಅದೀವಿ, ಗಟ್ಟ್ಯಾಗದೀವಿ," ಎಂದು ಹತ್ತೂ ಬಾಯಿ ಒಂದೇ ಮಾತು ಹೇಳಿದವು. ಮೂಲೆಯಲ್ಲಿ ಅದೇ ಊರಿನ ಭೀಮವ್ವ ಮುಖ ತಿರುಗಿಸಿ ನೀರು ನೋಡುತ್ತ ಕುಳಿತಿದ್ದಳು. ಪಕ್ಕದಲ್ಲಿ ಅವಳ ಮಗಳು, ತುಂಬಿದ ಬಸುರಿ, ಎರಡೂ ಕೈ ಹೊಟ್ಟೆಯ ಮೇಲೆ.

ಕಂಬ ಇದ್ದದ್ದು ಲಾಂಚಿನ ಕಟ್ಟೆಯಿಂದ ಊರಿಗೆ ಏರುವ ದಾರಿಯಲ್ಲಿ. ಅದರ ಮುಂದೆ ಹೆಂಗಸರ ಸಾಲು ನಿಂತಿತ್ತು. ಸಾಲಿನ ತಲೆಯಲ್ಲಿ ಕಸ್ತೂರೆವ್ವನ ಅತ್ತೆ ಗುರಬಸವ್ವ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಟ್ಟಲಿನಿಂದ ಕುಸುಬಿ ಎಣ್ಣೆ ತೆಗೆದು ಬಿಲ್ಲೆಗೆ ತಿಕ್ಕುತ್ತಿದ್ದಳು. ಕೂಸಿಗೆ ಎರೆಯುವ ಮುಂಚೆ ಮೈಗೆ ತಿಕ್ಕುವ ಹಾಗೆ, ಹೆಬ್ಬೆರಳಿನಿಂದ ಸುತ್ತು ಸುತ್ತಾಗಿ. ಎಣ್ಣೆ ಹೀರಿ ಹೀರಿ ಬೂದು ಬಿಲ್ಲೆ ಕರ್ರಗಾಗಿ, ಮೇಲೆ ಅರಿಸಿನದ ಪದರು ಕಟ್ಟಿತ್ತು. ಗುರಬಸವ್ವನ ಹಿಂದೆ ಒಬ್ಬೊಬ್ಬರೂ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಂದು ಉಸಿರು ಎಳೆದು ಬಿಟ್ಟು, ಮುಖ ತಿಳಿ ಮಾಡಿಕೊಂಡು ಆ ಎಣ್ಣೆಯ ಮೇಲೆ ಹಗುರಾಗಿ ಕೈ ಇಡುತ್ತಿದ್ದರು.

"ಅತ್ತೀ, ಏನ್ ಮಾಡಾಕತ್ತೀರಿ?"

ಗುರಬಸವ್ವ ಬೆಚ್ಚಿದಳು. "ಯವ್ವಾ, ಹೇಳದ ಕೇಳದ ಬಂದ್ಯಲ್ಲ! ಏನಿಲ್ಲ ತಗೀ. ನಿನ್ನ ಕೈಗೆ ಎಣ್ಣಿ ಹಚ್ಚಾಕತ್ತೀನಿ."

"ನನ್ನ ಕೈಗ?"

"ಮತ್ತ ಇದರ ಆ ತುದ್ಯಾಗ ನಿನ್ನ ಕೈ ಇಲ್ಲೇನು? ಕಂಬ ನೆಡಾಕ ಬಂದವರ ಹೇಳಿದ್ರು. ನೀವು ಅತ್ರ ಅಕ್ಕಾರ ಕೈ ಹಿಂಡತೈತಿ, ತಣ್ಣಗ ಕೊರೀತೈತಿ ಅಂದ್ರು. ಮೊದಲ ನಿನಗ ಮಣಿಕಟ್ಟಿನ ಬ್ಯಾನಿ." ಅವಳು ಬಿಲ್ಲೆಯನ್ನು ಸೆರಗಿನಿಂದ ಮುಚ್ಚಿದಳು, ಯಾರೋ ಕಸಿದುಕೊಳ್ಳುತ್ತಾರೆ ಎಂಬ ಹಾಗೆ. "ಸುತ್ತಿನ ಊರಾಗೂ ಹಚ್ಚತಾರ. ನಾನ ಹೇಳಿ ಕಳಿಸೀನಿ."

ಲಾಂಚು ಇಳಿದು ಸಾಲಿಗೆ ಸೇರಿದ್ದ ಭೀಮವ್ವ ಬಾಯಿ ಹಾಕಿದಳು. "ಮಗಳ ಮನಿಗೆ ಹೋದಾಗ ನಮ್ಮ ತ್ರಾಸ ಹೇಳ್ತೀವೇನ್ರಿ ಅಕ್ಕಾರ? ಉಂಡೆ, ಆರಾಮದೀನಿ ಅಂತೀವಿ. ಆಕೀಗೆ ಆಕೀ ಸಂಸಾರದ್ದ ಸಾಕಾಗಿರತೈತಿ. ಹಂಗ ಇದೂ."

ಕಸ್ತೂರೆವ್ವ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಎರಡು ವರ್ಷ ಕೈಯಲ್ಲಿ ಬೆಚ್ಚಗೆ ಇದ್ದದ್ದು ಏನು ಎಂದು ಈಗ ತಿಳಿಯಿತು. ಬೂದಿಕೊಪ್ಪದವರು ಕಂಬ ಹಿಡಿದು ಅಲ್ಲಾಡಿಸಿ ಶಾಪ ಹಾಕುತ್ತಾರೆಂದು ಕೇಳಿದ್ದರು. ಶಾಪ ಹಾಕಿದವರ ಮಾತು ಜರಡಿಯಲ್ಲಿ ಹೋಯಿತು. ಉಳಿದವರು ಪ್ರೀತಿಗೆ ಬಾಯಿ ಮುಚ್ಚಿಕೊಂಡರು.

"ಭೀಮವ್ವಾ, ಲಾಂಚು ನಿಂತ್ರ ಏನಾಗತೈತಿ? ಎಣ್ಣಿ ಹಚ್ಚದ ಹೇಳು."

ಭೀಮವ್ವ ಗುರಬಸವ್ವನ ಮುಖ ನೋಡಿದಳು. ಗುರಬಸವ್ವ ಬೇಡ ಎಂದು ಕಣ್ಣಿನಲ್ಲೇ ಹೇಳಿದಳು. ಆದರೂ ಭೀಮವ್ವನಿಗೆ ತಡೆಯಲಾಗಲಿಲ್ಲ. "ಹ್ವಾದ ಸರತಿ ಮಗಳ ಹೆರಗಿ ಹೊತ್ತಿಗೆ ಲಾಂಚು ಕೆಟ್ಟಿತ್ತಲ್ರಿ, ರಸ್ತೇದಾಗ ಒಯ್ದಿವಿ. ಕೂಸು ದಾರ್ಯಾಗ ಹೋತು. ಈ ಸರತಿ ನನ್ನ ಮಗಳೂ..." ಎಂದವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಕಸ್ತೂರೆವ್ವನಿಗೆ ಆ ಕೂಸಿನ ಸುದ್ದಿಯೇ ಮುಟ್ಟಿರಲಿಲ್ಲ.

ಮನೆಯಲ್ಲಿ ಗಂಡ ಸಂಗಪ್ಪ ರೊಟ್ಟಿಗೆ ಮುಳಗಾಯಿ ಪಲ್ಯ ಮಾಡಿ ಕಾಯುತ್ತಿದ್ದ. ಶಾಲೆಯ ಮಾಸ್ತರಿಕೆ ಮುಗಿಸಿ ಮನೆಯಲ್ಲಿದ್ದ ಅವನಿಗೆ ಈಗ ಅಡಿಗೆಯೇ ಹುಚ್ಚು. ಕಸ್ತೂರೆವ್ವ ಅರ್ಧ ರೊಟ್ಟಿ ಮುರಿದು ಹಾಗೇ ಹಿಡಿದು ಕುಳಿತರು.

"ನಾಳೆ ಬ್ಯಾಡ ಅಂದ್ರ ಸ್ಥಾನ ಹೋಗತೈತಿ," ಎಂದರು. "ಪಕ್ಷ ವಿಪ್ ಹೊರಡಿಸೇತಿ."

"ಹೂಂ ಅಂದ್ರ?"

"ಲಾಂಚು ಹೋಗತೈತಿ."

ಸಂಗಪ್ಪ ಪಲ್ಯದ ಬೋಗುಣಿ ಅವರ ಹತ್ತಿರ ಸರಿಸಿದ. "ಬ್ಯಾಡ ಅಂದೂ ಮಸೂದೆ ಪಾಸಾದ್ರ? ನಿಮ್ಮ ಪಕ್ಷದ್ದ ಬಹುಮತ ಐತಲ್ಲ."

ಅದಕ್ಕೆ ಉತ್ತರವನ್ನು, ಎಣ್ಣೆಯ ಸಂಗತಿ ಕೇಳಿದ ಮೇಲೆ, ರಜಿಯಾ ಫೋನಿನಲ್ಲಿ ಕೊಟ್ಟರು. ಕಡಗದ ಕಾಯಿದೆಯಲ್ಲಿ ಯಾರೂ ಬಳಸದ ಒಂದು ಕಲಮು ಇತ್ತು. ಶಾಸಕರು ಸದನದಲ್ಲಿ ಎದ್ದು ಜರಡಿ ತೆಗೆಸಿ, ಇಡೀ ಕ್ಷೇತ್ರದ ನಾಡಿ ಹಿಡಿದು ಮತ ಹಾಕಬಹುದು. ಆ ನಾಡಿ ಬೇಡ ಎಂದು, ಶಾಸಕರೂ ಬೇಡ ಎಂದರೆ, ಊರೂರಲ್ಲಿ ಜನರನ್ನು ಕೂಡಿಸಿ ಒಪ್ಪಿಗೆ ಪಡೆಯುವ ತನಕ ಆ ಮಸೂದೆ ಆ ಕ್ಷೇತ್ರದ ಗಡಿ ದಾಟಿ ಒಳಗೆ ಬರುವಂತಿಲ್ಲ.

"ಆದ್ರ ಮೇಡಂ, ಕೈ ಸುಮ್ಮನಿದ್ರ ಯಂತ್ರ ಅದನ್ನ ಒಪ್ಪಿಗಿ ಅಂತನ ಎಣಸತೈತಿ. ನಿಮ್ಮ ಕಡೆ ಊರುಗಳು ಹಿಂಗ ಎಣ್ಣಿ ಹಚಗೊಂಡು ಕೂತ್ರ, ಬೂದಿಕೊಪ್ಪದವರು ಎಷ್ಟು ಹೊಯ್ಕೊಂಡ್ರೂ ನಾಡಿ ಹೂಂ ಅಂತೈತಿ."

ಕಸ್ತೂರೆವ್ವ ಫೋನು ಇಟ್ಟು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಅತ್ತೆಯ ಬಳಿ ಹೋದರು.

"ಅತ್ತೀ, ಸೀಗಿಕಾಯಿ ಹಾಕಿ ಕಂಬ ತೊಳೀರಿ. ಸುತ್ತಿನ ಊರಿಗೂ ಹೇಳಿ ಕಳಸ್ರಿ. ಆಮ್ಯಾಲ ಗಟ್ಟ್ಯಾಗಿ ಹಿಡೀರಿ. ಅಳೂ ಬಂದ್ರ ಅಳ್ರಿ."

"ನಿನ್ನ ಕೈಗೆ ನಾನ ಬರಿ ಎಳೀಲೇನು? ಒಲ್ಲೆ."

"ನನಗ ನೋವಾಗಬೇಕು ಅತ್ತೀ."

"ಯಾಕ? ನಿನಗ್ಯಾಕ ಆಗಬೇಕು?" ಮುದುಕಿಗೆ ಸಿಟ್ಟು ಬಂತು. "ನೀರು ಬಂದಾಗ ಎಲ್ಲಾರನ್ನೂ ಹೊತ್ತಿ. ಈಗ ಕುಂತು ಎದ್ದರ ನಡಾ ಹಿಡೀತೈತಿ ನಿನಗ. ನಿನ್ನ ಮೆಂಬರಕಿ ಹೋಗೂ ಹಂಗ ನಾ ಕೈ ಹಿಡೀಲೇನು? ಒಲ್ಲೆ ಅಂದ್ರ ಒಲ್ಲೆ. ನಡೀ, ಲಾಂಚಿನ ಹೊತ್ತಾತು."

ಕಸ್ತೂರೆವ್ವ ಅತ್ತೆಯ ಕಾಲು ಮುಟ್ಟಿ ಹೊರಟರು. ಮುದುಕಿ ಮುಖ ಕೊಡಲಿಲ್ಲ. ಲಾಂಚು ದಂಡೆ ಬಿಟ್ಟಾಗ ಸೂರ್ಯ ಇನ್ನೂ ನೀರಿನ ಮೇಲೆ ಇದ್ದ. ಕಂಬದ ಹತ್ತಿರ ಯಾರೂ ಇರಲಿಲ್ಲ.

ಮರುದಿನ ಸದನದ ಮೊಗಸಾಲೆಯಲ್ಲಿ ಮಲಕಾಜಪ್ಪ ದೇಸಾಯರು ಸಿಕ್ಕರು. ಪಕ್ಷದ ಮುಖ್ಯ ಸಚೇತಕರು ಅವರೇ. ವಿಪ್ ಹೊರಡಿಸಿದ್ದೂ ಅವರದೇ ಹೆಸರಿನಲ್ಲಿ.

"ರಾತ್ರಿ ನಿದ್ದಿ ಮಾಡಿಲ್ಲ ನೀ," ಎಂದರು.

"ಜರಡಿ ತೆಗಸ್ತೀನ್ರಿ ಅಪ್ಪಾರ."

ದೇಸಾಯರು ತಮ್ಮ ಅಂಗಿಯ ತೋಳು ಸರಿಸಿ ಎಡಗೈ ಚಾಚಿದರು. "ಮುಟ್ಟಿ ನೋಡು."

ಕಸ್ತೂರೆವ್ವ ಮುಟ್ಟಿದರು. ಕಬ್ಬಿಣ ಬಾವಿಯಿಂದ ಎತ್ತಿದಂತೆ ತಣ್ಣಗಿತ್ತು. ಕಡಗದ ಅಂಚಿನಲ್ಲಿ ಚರ್ಮ ಕಂದಿ ದಡ್ಡುಗಟ್ಟಿತ್ತು.

"ಜರಡಿ ಇದ್ರೂ ಹಿಂಗ ಐತಿ ನನ್ನ ಕ್ಷೇತ್ರದ್ದು," ಎಂದರು ದೇಸಾಯರು. "ನಮ್ಮವರ ನಮ್ಮನ್ನ ಬೈತಾರ. ಮೊದಲ ವರ್ಷ ಹಾಸಿಗ್ಯಾಗ ಅತ್ತೆ. ಎರಡನೇ ವರ್ಷ ರೂಢಿ ಆತು. ಈಗ ಕೈಯ ಮರತ ಬಿಟ್ಟೇನಿ. ನೀನೂ ಮರೀತೀದಿ, ತಡಿ."

"ಮರೀಬಾರದು ಅಂತನ, ಅಪ್ಪಾರ."

"ನಿನ್ನ ಸ್ಥಾನ ತಗೀರಿ ಅಂತ ನಾನ ಬರದುಕೊಡಬೇಕಾಗತೈತಿ. ಮಗಳಂತ ತಿಳದಾಕಿನ್ನ."

"ಬರದುಕೊಡ್ರಿ. ನಿಮ್ಮ ಕೆಲಸ ನೀವು ಮಾಡ್ರಿ. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಗಂಟೆ ಬಡಿಯಿತು. ಸಭಾಧ್ಯಕ್ಷರು ಮಸೂದೆಯ ಹೆಸರು ಓದಿ ಮತಕ್ಕೆ ಹಾಕಿದರು. ಕಸ್ತೂರೆವ್ವ ಎದ್ದು ನಿಂತು, "ಹಿರೇತೊರೆ ಕ್ಷೇತ್ರದ ಜರಡಿ ತೆಗೆಯಬೇಕು," ಎಂದರು. ಸದನದಲ್ಲಿ ಗದ್ದಲವಾಯಿತು. ತೊಟ್ಟಿಲಿನವರು ಕೂಡ್ರಿ ಕೂಡ್ರಿ ಎಂದು ಕೂಗಿದರು. ಗುದ್ದಲಿಯವರು ಮೇಜು ಬಡಿದರು. ತಮ್ಮ ಕಡಗದ ಜರಡಿ ತೆಗೆಸುವ ಮನಸ್ಸು ಅವರಲ್ಲಿ ಯಾರಿಗೂ ಇರಲಿಲ್ಲ, ಮೇಜು ಬಡಿಯಲು ಅಡ್ಡಿ ಇರಲಿಲ್ಲ. ಸಭಾಧ್ಯಕ್ಷರು ಕಾಯಿದೆ ತೆರೆಸಿ ನೋಡಿ, ಕಲಮು ಇದೆ ಎಂದು ತಲೆಯಾಡಿಸಿದರು. ಕೆಳಗೆ ನಾಡಿಕೋಣೆಯಲ್ಲಿ ರಜಿಯಾ ಗುಂಡಿ ಒತ್ತಿದರು.

ಮೊದಲು ಬಂದದ್ದು ಬೂದಿಕೊಪ್ಪದ ಕಡೆಯ ಚಳಿ. ಅದು ಬರುತ್ತದೆಂದು ಅವರಿಗೆ ಗೊತ್ತಿತ್ತು. ಸಿಟ್ಟು ಬರುತ್ತದೆ ಎಂದುಕೊಂಡಿದ್ದರು. ಕೈಗೆ ತಗುಲಿದ್ದು ಅಂಜಿಕೆ. ಆ ಊರುಗಳಲ್ಲೂ ಬಸುರಿಯರಿದ್ದರು, ಮುದುಕರಿದ್ದರು, ಅವರೂ ಅದೇ ಲಾಂಚು ಹತ್ತುವವರು. ಆದರೆ ಕೊಡಚಿಹಾಳದ ಕಡೆಯ ಬಿಸಿ ಆ ಚಳಿಯನ್ನು ತಡೆದು ನಿಂತಿತ್ತು. ಕಡಗ ಒಮ್ಮೆ ಬಿಗಿಯಿತು, ಒಮ್ಮೆ ಸಡಿಲವಾಯಿತು. ಎದುರಿನ ಗೋಡೆಯ ಮೇಲೆ ಕ್ಷೇತ್ರದ ನಾಡಿ ತೋರಿಸುವ ಮುಳ್ಳು ಒಪ್ಪಿಗೆಯ ಕಡೆಗೇ ವಾಲಿತ್ತು.

"ಸನ್ಮಾನ್ಯ ಸದಸ್ಯರು ಮತ ಹೇಳಬೇಕು," ಎಂದರು ಸಭಾಧ್ಯಕ್ಷರು.

ಕಸ್ತೂರೆವ್ವ ಕಣ್ಣು ಮುಚ್ಚಿ ಕಾಯ್ದರು. ಬರಲಿಕ್ಕಿಲ್ಲ, ಮುದುಕಿ ಹಟಮಾರಿ, ಎಂದುಕೊಳ್ಳುತ್ತಿದ್ದಾಗ ಕಡಗದೊಳಗೆ ಎಲ್ಲಿಯೋ ಸಣ್ಣಗೆ ಏನೋ ಅಲ್ಲಾಡಿತು. ಒಂದು ಕೈ. ಆಮೇಲೆ ಇನ್ನೊಂದು. ಆಮೇಲೆ ಎಣಿಸಲು ಬಾರದಷ್ಟು. ಎಣ್ಣೆ ಇಲ್ಲದ, ಸೀಗೆಕಾಯಿ ತಿಕ್ಕಿದ ಬಿಲ್ಲೆಯ ಮೇಲೆ ಗಟ್ಟಿಯಾಗಿ ಊರಿದ ಕೈಗಳು. ಎರಡು ವರ್ಷ ಮಗಳ ಮನೆಯ ಹೊಸ್ತಿಲಲ್ಲಿ ನಿಂತು ಆರಾಮದೀನಿ ಎಂದು ನಕ್ಕವರೆಲ್ಲ ಒಮ್ಮೆಗೇ ಒಳಗೆ ಬಂದು ಕುಸಿದು ಕುಳಿತ ಹಾಗಾಯಿತು. ಕಡಗ ಮಣಿಕಟ್ಟನ್ನು ಹಿಂಡಿತು. ಚಳಿ ಮೊಣಕೈ ದಾಟಿ ಹೆಗಲಿಗೆ ಏರಿತು. ದಾರಿಯಲ್ಲಿ ಹೋದ ಆ ಕೂಸಿನ ದುಃಖವೂ ಅದರಲ್ಲಿ ಇದ್ದೀತು. ಬಿಡಿಸಿ ನೋಡಲು ಬರುತ್ತಿರಲಿಲ್ಲ.

ಬಲಗೈಯಿಂದ ಮೇಜು ಹಿಡಿದುಕೊಂಡು ಕಸ್ತೂರೆವ್ವ ನೆಟ್ಟಗೆ ನಿಂತರು.

"ವಿರೋಧ," ಎಂದರು. "ನಂದೂ ವಿರೋಧ, ನಮ್ಮ ಮಂದೀದೂ ವಿರೋಧ."

ಗೋಡೆಯ ಮೇಲಿನ ಮುಳ್ಳು ಅಷ್ಟೊತ್ತಿಗೆ ಆಚೆ ಕಡೆ ವಾಲಿ ನಿಂತಿತ್ತು.

ಮಸೂದೆ ಪಾಸಾಯಿತು. ಹಿರೇತೊರೆಯ ಗಡಿಯೊಳಗೆ ಮಾತ್ರ ಬರಲಿಲ್ಲ. ಊರೂರಲ್ಲಿ ಜನರನ್ನು ಕೂಡಿಸಿ ಕೇಳಿದರು. ತೊಟ್ಟಿಲಿನ ಊರೂ ಬೇಡ ಎಂದಿತು, ಗುದ್ದಲಿಯ ಊರೂ ಬೇಡ ಎಂದಿತು. ದೇಸಾಯರು ಹೇಳಿದಂತೆಯೇ ಬರೆದುಕೊಟ್ಟರು. ಕಸ್ತೂರೆವ್ವನ ಸ್ಥಾನ ಹೋಯಿತು. ಕಡಗ ಬಿಚ್ಚಿಸಿಕೊಳ್ಳಲು ನಾಡಿಕೋಣೆಗೆ ಹೋದಾಗ ರಜಿಯಾ ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಕಳಿಸಿದರು.

ಮರುಚುನಾವಣೆ ಬಂತು. ತಾವು ನಿಲ್ಲುವುದಿಲ್ಲ ಎಂದರು ಕಸ್ತೂರೆವ್ವ. ನಡು ಹಿಡಿಯುತ್ತಿತ್ತು. ಒಂದು ಮುಂಜಾನೆ ಭೀಮವ್ವನ ಮೊಮ್ಮಗಳಿಗೆ ಸೂಜಿ ಹಾಕಿಸಲೆಂದು ಆ ಕೂಸನ್ನು ಎತ್ತಿಕೊಂಡು ಲಾಂಚು ಹತ್ತಿದರು. ಭೀಮವ್ವನೂ ಅವಳ ಮಗಳೂ ಮುಂದೆ ಕುಳಿತು ಜಗಳವಾಡುತ್ತಿದ್ದರು, ಕೂಸಿಗೆ ಟೊಪ್ಪಿಗೆ ಹಾಕಿದ್ದು ಸಾಲದು ಎಂದು. ಪಕ್ಕದಲ್ಲಿ ಯಾರೋ ಬಂದು ಕುಳಿತ ಹಾಗಾಯಿತು. ತಿರುಗಿ ನೋಡಿದರೆ ಬೂದಿಕೊಪ್ಪದ ಪರುತಗೌಡ, ಕೊರಳಲ್ಲಿ ಗುದ್ದಲಿಯ ಶಾಲು.

"ಏನ್ ಗೌಡ್ರ, ನಮ್ಮೂರಿಗೆ ವೋಟು ಕೇಳಾಕ ಬಂದಿದ್ರೇನು?"

"ಬಂದಿದ್ನಿ. ನಿಮ್ಮತ್ತಿ ಚಾ ಕೊಟ್ಟು, ವೋಟು ಕೊಡಂಗಿಲ್ಲ ಅಂದ್ಲು."

"ಚಾ ಕೊಟ್ಟಾಳಲ್ಲ, ಅದ ದೊಡ್ಡದು."

ಗೌಡ ನಕ್ಕ. "ಈ ಸರತಿ ನಾ ಆರಿಸಿ ಬರತೀನಿ ಅಂತಾರ ಎಲ್ಲಾರೂ," ಎಂದ. ಆಮೇಲೆ ಸುತ್ತ ಯಾರೂ ಕೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಭಾಳ ನೋಯತೈತೇನ್ರಿ ಅದು?" ಎಂದು ಕೇಳಿದ.

"ನೋಯತೈತಿ."

"ನಾನೂ ಜರಡಿ ಇಲ್ಲದನ ತೊಡಬೇಕಂತ ಮಾಡೀನಿ. ನೀವು ತೊಟ್ಟು ತೋರಿಸಿದ ಮ್ಯಾಲ ನಾ ಹಿಂದ ಸರದ್ರ ನಮ್ಮೂರ ಹುಡುಗುರು ನಗತಾರ." ಅವನು ತನ್ನ ಬರಿಯ ಮಣಿಕಟ್ಟನ್ನು ಉಜ್ಜಿಕೊಂಡ. "ಆದ್ರ ಒಂದು ಅಂಜಿಕಿ. ನಿಮ್ಮ ಕೊಡಚಿಹಾಳದವರು ನನಗ ಖರೇ ಹೇಳ್ತಾರೇನ್ರಿ? ನಿಮಗ ಮುಚ್ಚಿಟ್ಟಂಗ ನನಗೂ ಮುಚ್ಚಿಟ್ರ?"

ಕಸ್ತೂರೆವ್ವ ಮಡಿಲಲ್ಲಿದ್ದ ಕೂಸಿನ ಟೊಪ್ಪಿಗೆ ಸರಿಮಾಡಿದರು. ಬಾಯಿಯ ತುದಿಯಲ್ಲಿ ನಗು ಬಂದಿತ್ತು.

"ಅಂಜಬ್ಯಾಡ್ರಿ ಗೌಡ್ರ," ಎಂದರು. "ನಿಮ್ಮ ಮ್ಯಾಲ ಅವರಿಗೆ ಅಷ್ಟು ಪ್ರೀತಿ ಇಲ್ಲ. ಖರೇನ ಹೇಳ್ತಾರ."